ನಾಲ್ಕೂ ಒಡ್ಡಿನ ಅಳತಿ ಅದ, ಪಹಣಿಯಾಗ 30 ಗುಂಟೆ, ನಮ್ಮ ಲೆಕ್ಕಕ್ಕ 35. ಯಾವುದು ಖರೆ?

ಎರೆಹೊಲ (ಸೇಡಂ ತಾಲ್ಲೂಕು)

ಶರಣ್ರಿ ಎಲ್ಲರಿಗೂ. ಒಂದು ತುಣುಕು ಹೊಲ. ಮುಂದ ಬಂಡಿ ದಾರಿ, ಹಿಂದ ನಾಲಾ ಕಡಿ ಒಡ್ಡು. ಇವೆರಡೂ ಕಣ್ಣಳತಿಗೆ ಸಮಾಂತರ ಕಾಣ್ತಾವ. ಎಡಕ್ಕ ಬಲಕ್ಕ ಇರೋ ಒಡ್ಡು ಓರೆ. ಟೇಪು ಹಿಡಿದಾಗ ಬಂದದ್ದು:

ದಾರಿ ಮಗ್ಗಲು 342 ಅಡಿ
ಹಿಂದಿನ ಒಡ್ಡು 205 ಅಡಿ
ಎಡ 128 ಅಡಿ
ಬಲ 151 ಅಡಿ

ಊರಾಗ ಎಲ್ಲರೂ ಮಾಡೋ ಲೆಕ್ಕ ಅಂದ್ರ ಎದುರಾಬದುರಾ ಕೂಡಿಸಿ ಅರ್ಧ ಮಾಡಿ ಗುಣಿಸೋದು. ಹಂಗ ಮಾಡಿದ್ರ 273.5 × 139.5 = 38,153 ಚದರಡಿ, ಅಂದ್ರ 35 ಗುಂಟೆ. ಪಹಣಿಯಾಗ 30 ಗುಂಟೆ ಅಷ್ಟೇ ಅದ. ಐದು ಗುಂಟೆ ಎಲ್ಲಿಂದ ಬಂತು? ಪಹಣಿ ತಪ್ಪೋ, ಲೆಕ್ಕ ತಪ್ಪೋ?

ಈಗ ತೊಗರಿ ಎದಿಮಟ ನಿಂತದ. ನಡುವ ಟೇಪು ಎಳಿಲಾಕ ಆಗಲ್ಲ. ಹಂಗಾಗಿ ಎತ್ತರ ಗೊತ್ತಿಲ್ಲ, ಕರ್ಣ ಗೊತ್ತಿಲ್ಲ. ಬರೇ ನಾಲ್ಕು ಬದಿ ಮ್ಯಾಲೆ ವಿಸ್ತೀರ್ಣ ತೆಗಿಲಾಕ ಬರ್ತದೇನ್ರಿ? ರಾಶಿ ಆದ ಮ್ಯಾಲೆ ಅಣ್ತಮ್ಮರು ಇಬ್ಬರು ವಾಟ್ನಿ ಮಾಡ್ಕೊಳ್ಳೋದೂ ಅದ, ಅದಕ್ಕೂ ದಾರಿ ಹೇಳ್ರಿ.


ಲಂಬರೇಖೆ (ಕಲಬುರಗಿ)

ಲೆಕ್ಕ ತಪ್ಪು, ಪಹಣಿ ಅಲ್ಲ. ದಾರಿ ಮತ್ತು ಹಿಂದಿನ ಒಡ್ಡು ನಿಜವಾಗಿಯೂ ಸಮಾಂತರ ಅಂತ ಹಿಡಿದರೆ ನಿಮ್ಮದು ತ್ರಾಪಿಜ್ಯ. ತ್ರಾಪಿಜ್ಯದ ನಾಲ್ಕು ಬದಿ ಗೊತ್ತಿದ್ದು, ಅದರಲ್ಲಿ ಸಮಾಂತರ ಜೋಡಿ ಯಾವುದು ಅನ್ನೋದೂ ಗೊತ್ತಿದ್ದರೆ ಎತ್ತರ ತಾನಾಗಿ ಹೊರಬರುತ್ತದೆ. ಹೊಲದೊಳಗೆ ಕಾಲಿಡಬೇಕಾಗಿಲ್ಲ.

ಮೂಲೆಗಳಿಗೆ ಹೆಸರಿಟ್ಟುಕೊಳ್ಳಿ: ದಾರಿಯ ಎಡ ಮೂಲೆ ಎ, ದಾರಿಯ ಬಲ ಮೂಲೆ ಬಿ, ಹಿಂದಿನ ಬಲ ಸಿ, ಹಿಂದಿನ ಎಡ ಡಿ. ಈಗ ಡಿ ಮೂಲೆಯಿಂದ ಬಲ ಒಡ್ಡಿಗೆ ಸಮಾಂತರವಾಗಿ ಕಾಗದದ ಮೇಲೆ ಒಂದು ಗೆರೆಯನ್ನು ದಾರಿಯವರೆಗೂ ಎಳೆಯಿರಿ. ಬಲಗಡೆ 205 ಅಡಿಯ ಸಮಾಂತರ ಚತುರ್ಭುಜ ಕಡಿದುಹೋಯಿತು. ಎಡಗಡೆ ಉಳಿದದ್ದು ಬರೀ ತ್ರಿಭುಜ. ಅದರ ಪಾದ 342 − 205 = 137, ಮಿಕ್ಕ ಎರಡು ಬದಿ 128 ಮತ್ತು 151. ಮೂರು ಬದಿ ಗೊತ್ತಿರುವ ತ್ರಿಭುಜ ಅಲುಗಾಡುವುದಿಲ್ಲ. ಅದರ ಎತ್ತರವೇ ನಿಮ್ಮ ಹೊಲದ ಎತ್ತರ.

ಅರ್ಧ ಸುತ್ತಳತೆ: (137 + 128 + 151) ÷ 2 = 208
ತ್ರಿಭುಜದ ವಿಸ್ತೀರ್ಣ (ಅರ್ಧ ಸುತ್ತಳತೆಯನ್ನು, ಅದರಿಂದ ಒಂದೊಂದು ಬದಿ ಕಳೆದು ಉಳಿದದ್ದರಿಂದ ಗುಣಿಸಿ ವರ್ಗಮೂಲ): √(208 × 71 × 80 × 57) = 8,206 ಚದರಡಿ
ಎತ್ತರ: 2 × 8,206 ÷ 137 = 119.8 ಅಡಿ
ಹೊಲದ ವಿಸ್ತೀರ್ಣ: (342 + 205) ÷ 2 × 119.8 = 32,765 ಚದರಡಿ

ಗುಂಟೆಗೆ 1,089 ಚದರಡಿ (33 × 33). ಭಾಗಿಸಿದರೆ 30.09, ಅಂದರೆ 30 ಗುಂಟೆ ಒಂದೂವರೆ ಆಣೆ (16 ಆಣೆಗೆ ಒಂದು ಗುಂಟೆ). ಪಹಣಿಗೆ ಸರಿಯಾಗಿ ಕೂಡುತ್ತದೆ.

ಊರಿನ ಲೆಕ್ಕ ಎಲ್ಲಿ ಕೆಡುತ್ತದೆ ಅಂದರೆ, 119.8 ಇರಬೇಕಾದ ಜಾಗದಲ್ಲಿ 139.5 ಕೂತಿದೆ. ಓರೆ ಬದಿ ಯಾವತ್ತೂ ನೇರ ಎತ್ತರಕ್ಕಿಂತ ಉದ್ದ. ಓರೆ ಹೆಚ್ಚಿದಷ್ಟೂ ಸುಳ್ಳು ಗುಂಟೆ ಹೆಚ್ಚು. ಈ ಲೆಕ್ಕ ತಪ್ಪಿದಾಗೆಲ್ಲ ಹೆಚ್ಚಿನ ಕಡೆಗೇ ತಪ್ಪುತ್ತದೆ, ಕಡಿಮೆ ಬರುವುದೇ ಇಲ್ಲ. ಮಾರುವವರಿಗೆ ಅದು ಯಾಕೆ ಅಷ್ಟು ಇಷ್ಟ ಅಂತ ಬೇರೆ ಹೇಳಬೇಕಿಲ್ಲ.

ಇನ್ನೊಂದು ಮಾತು. ಎತ್ತರದ ಬುಡ ಎಲ್ಲಿ ಬೀಳುತ್ತದೆ ಅಂತ ಬೇಕಾದರೆ (128² + 137² − 151²) ÷ (2 × 137) = 45.08. ಎ ಮೂಲೆಯಿಂದ ದಾರಿಗುಂಟ 45 ಅಡಿ ಒಂದು ಇಂಚು. ಈ ಸಂಖ್ಯೆ ಋಣ ಬಂದರೆ ಗಾಬರಿ ಬೇಡ. ಎಡ ಒಡ್ಡು ಹೊರಕ್ಕೆ ವಾಲಿದೆ ಅಂತ ಅರ್ಥ, ಎತ್ತರದ ಲೆಕ್ಕ ಹಾಗೇ ನಡೆಯುತ್ತದೆ.


ಸರಪಳಿ (ಯಾದಗಿರಿ)

ಲೆಕ್ಕ ಸರಿ ಅದ. ಆದ್ರ ಸಮಾಂತರ ಅಂತ ಯಾರು ಹೇಳ್ಯಾರ? ಕಣ್ಣು ಹೇಳ್ಯದ. 342 ಅಡಿ ಉದ್ದದಾಗ ಮೂರು ನಾಲ್ಕು ಅಡಿ ಓರೆ ಇದ್ರ ಕಣ್ಣಿಗೆ ಕಾಣಂಗಿಲ್ಲ.

ನಾಲ್ಕು ಬಿದಿರ ಕಡ್ಡಿ ತಗೊಂಡು ಮೂಲಿಗೊಂದು ಮೊಳಿ ಹೊಡೀರಿ. ಉದ್ದ ಬದಲಾಗಂಗಿಲ್ಲ, ಆದ್ರ ಚೌಕಟ್ಟು ಆ ಕಡಿ ಈ ಕಡಿ ವಾಲ್ತದ, ಒಳಗಿನ ವಿಸ್ತೀರ್ಣ ಬದಲಾಗ್ತದ. ಸಮಾಂತರ ಅನ್ನೋ ಷರತ್ತೊಂದೇ ಅದನ್ನ ಹಿಡಿದು ನಿಲ್ಲಸ್ತದ. ಆ ಷರತ್ತು ಸುಳ್ಳಾದ್ರ ಮ್ಯಾಲಿನ ಲೆಕ್ಕದ ಬುಡಾನೇ ಹೋಯ್ತು. ಹಂಗಾಗಿ ಐದನೇ ಅಳತಿ ಒಂದು ಬೇಕೇ ಬೇಕು. ಕರ್ಣ ಸಿಕ್ರ ಚಲೋ. ತೊಗರಿ ಇದ್ರ ಮೂಲಿ ಅಳೀರಿ.

ಎ ಮೂಲಿ ಕಲ್ಲಿನಿಂದ ದಾರಿಗುಂಟ ಸರಿಯಾಗಿ 30 ಅಡಿಗೆ ಒಂದು ಗೂಟ, ಎಡ ಒಡ್ಡಿನಗುಂಟ 30 ಅಡಿಗೆ ಇನ್ನೊಂದು ಗೂಟ. ಎರಡೂ ಗೂಟದ ನಡುವಿನ ಅಂತರ ಇಂಚಿನ ತನಕ ಬರಕೊಳ್ರಿ. ಗಿಡ ಅಡ್ಡ ಬಂದ್ರ ಹೊಲದ ಹೊರಗೇ ಮಾಡ್ರಿ. ದಾರಿ ಗೆರಿನೂ ಒಡ್ಡಿನ ಗೆರಿನೂ ಮೂಲಿ ದಾಟಿಸಿ ಹೊರಗ 30 ಅಡಿ ಮುಂದುವರಸ್ರಿ. ಎದುರುಬದುರು ಕೋನ ಸಮ ಇರ್ತದ, ಹೊರಗ ಅಳದ್ರೂ ಅದೇ ಅಂತರ ಬರ್ತದ. ದಾರಿ ಬಯಲಿರೋದ್ರಿಂದ ನಿಮಗ ಅದೇ ಸುಲಭ. ಗೆರಿ ಮುಂದುವರಸೋ ಮುಂದ ಮೂರು ಕೋಲು ಒಂದೇ ಕಣ್ಣಿಗೆ ಬರಬೇಕು. ಹಗ್ಗ ಎಳಿದ್ರ ಗಾಳಿಗೆ ಬಾಗ್ತದ, ಕೋಲೇ ನಂಬ್ರಿ.

ನಿಮ್ಮದು ಖರೇನೇ ತ್ರಾಪಿಜ್ಯ ಇದ್ರ ಎ ಮೂಲಿ ಕೋನ ಸುಮಾರು 69.4 ಡಿಗ್ರಿ, ಆ ಅಂತರ 34 ಅಡಿ 2 ಇಂಚು ಬರಬೇಕು. ಬರದಿದ್ರ ಎಷ್ಟು ಬಂತು ಹೇಳ್ರಿ.

ಅಳಿಯೋ ಮುಂದ ಇನ್ನೊಂದು. ಒಡ್ಡಿನ ಯಾವ ಗೆರಿ ಮ್ಯಾಲೆ ಟೇಪು ಇಟ್ಟಿರಿ? ಹೊರ ಅಂಚೋ, ನಡುವೋ, ಒಳ ಅಂಚೋ? ಮೂರಡಿ ಅಗಲದ ಒಡ್ಡಾದ್ರ ನಡುವಿಗೂ ಅಂಚಿಗೂ ಒಂದೂವರೆ ಅಡಿ ಫರಕು. ನಿಮ್ಮ ಸುತ್ತಳತೆ 826 ಅಡಿ. 826 × 1.5 = 1,239 ಚದರಡಿ, ಗುಂಟೆಗಿಂತ ಜಾಸ್ತಿ ಆಯ್ತು. ಸೂತ್ರದಾಗ ತಪ್ಪು ಹುಡುಕೋಕಿಂತ ಮೊದಲು ಇದನ್ನ ನೋಡ್ರಿ. ಬಾಂದುಕಲ್ಲು ಇದ್ರ ಕಲ್ಲಿನಿಂದ ಕಲ್ಲಿಗೆ, ಇಲ್ಲದಿದ್ರ ಒಡ್ಡಿನ ನಡುಗೆರಿ.


ಎರೆಹೊಲ

ಕಲ್ಲಿನಿಂದ ಕಲ್ಲಿಗೇ ಅಳದದ್ದು ಸರಪಳಿ ಅಣ್ಣಾರ. ಮೂಲಿ ಹೊರಗಿನಿಂದ ಎರಡು ಸಲ ಅಳದೇವಿ. 33 ಅಡಿ 6 ಇಂಚು ಬಂತು. ಎರಡೂ ಸಲ ಅಷ್ಟೇ.


ಸರಪಳಿ

8 ಇಂಚು ಕಡಿಮಿ. ಇದು ಟೇಪಿನ ತಪ್ಪಲ್ಲ. ನಿಮ್ಮ ಹಿಂದಿನ ಒಡ್ಡು ದಾರಿಗೆ ಪೂರಾ ಸಮಾಂತರ ಇಲ್ಲ. ಈಗ ತ್ರಾಪಿಜ್ಯದ ಸೂತ್ರ ಬಿಟ್ಟು ಎರಡು ತ್ರಿಭುಜ ಮಾಡ್ರಿ.

ಎ ಕೋನದ ಕೊಸೈನ್: 1 − 33.5² ÷ (2 × 30²) = 0.3765
ಬಿಯಿಂದ ಡಿಗೆ ಕರ್ಣ: √(342² + 128² − 2 × 342 × 128 × 0.3765) = 316.8 ಅಡಿ
ತ್ರಿಭುಜ ಎ-ಬಿ-ಡಿ (342, 128, 316.8): 20,277 ಚದರಡಿ
ತ್ರಿಭುಜ ಬಿ-ಸಿ-ಡಿ (205, 151, 316.8): 12,671 ಚದರಡಿ
ಒಟ್ಟು 32,948 ಚದರಡಿ, 30 ಗುಂಟೆ 4 ಆಣೆ.

ದಾರಿಯಿಂದ ಡಿ ಮೂಲಿ 118.6 ಅಡಿ ದೂರ, ಸಿ ಮೂಲಿ 122.1 ಅಡಿ. ಮೂರೂವರೆ ಅಡಿ ಓರೆ, ಅಷ್ಟೇ. ಸಮಾಂತರ ಅಂತ ಹಿಡಿದ ಲೆಕ್ಕಕ್ಕೂ ಇದಕ್ಕೂ 183 ಚದರಡಿ ಫರಕು, ಎರಡೂಮುಕ್ಕಾಲು ಆಣೆ.

ಮೂಲಿ ಅಳತಿಯಾಗ ಒಂದು ಇಂಚು ತಪ್ಪಿದ್ರ ಏನಾಗ್ತದ ಅಂತ ಕೇಳಬಹುದು. ಈ ಹೊಲದ ಮಟ್ಟಿಗೆ 20 ಚದರಡಿ ಹೆಚ್ಚುಕಡಿಮಿ. ಆದ್ರ 30 ಅಡಿ ಬದಲು 5 ಅಡಿಗೆ ಗೂಟ ಹೊಡದ್ರ ಅದೇ ಒಂದಿಂಚು ಆರು ಪಟ್ಟು ಆಗಿ ಕೂಡ್ತದ. ಕೈ ಚಾಚಿದಷ್ಟರಾಗ ಮುಗಸಬ್ಯಾಡ್ರಿ.

ತಾಳೆ ನೋಡಲಾಕ ಬಿ ಮೂಲಿಯಾಗೂ ಹಂಗೇ 30-30 ಹಾಕ್ರಿ. 27 ಅಡಿ 2½ ಇಂಚಿನ ಆಜೂಬಾಜು ಬಂದ್ರ ಐದೂ ಅಳತಿ ಒಂದಕ್ಕೊಂದು ಕೂಡ್ಯಾವ. 26 ಅಡಿ ಚಿಲ್ಲರ ಬಂದ್ರ ನಾಲ್ಕು ಬದಿಯೊಳಗ ಯಾವುದೋ ಒಂದು ಓದಿದ್ದು ತಪ್ಪ್ಯದ. 100 ಅಡಿ ಟೇಪು ಎರಡು ಮೂರು ಸಲ ಹಾಸಿದಾಗ ಒಂದು ಹಾಸು ಮರಿಯೋದು, ಟೇಪಿನ ತುದಿ ಹರಿದು ಸೊನ್ನಿ ಬದಲು ಒಂದರಿಂದ ಹಿಡಿಯೋದು, ಇವೇ ಜಾಸ್ತಿ.


ಲಂಬರೇಖೆ (ಕಲಬುರಗಿ)

ಸರಪಳಿ ಅವರ ಮಾತು ಒಪ್ಪಿದೆ, ಕೋನದ ತಾಳೆ ನೋಡದೆ ಉತ್ತರ ಕೊಟ್ಟಿದ್ದು ನನ್ನ ಅವಸರ. ನನ್ನ ವಿಧಾನ ಬಳಸುವವರಿಗೆ ಅದರ ದೊಡ್ಡ ಅಪಾಯ ಇನ್ನೊಂದಿದೆ. ಸಮಾಂತರ ಬದಿಗಳ ವ್ಯತ್ಯಾಸ ಇಲ್ಲಿ 137 ಅಡಿ ಇತ್ತು, ಅದಕ್ಕೆ ಲೆಕ್ಕ ಗಟ್ಟಿ ನಿಂತಿತು. ದಾರಿ ಮಗ್ಗಲು 343 ಅಂತ ಒಂದಡಿ ತಪ್ಪಿ ಬರೆದರೂ ಎತ್ತರ ಬದಲಾಗುವುದು ಕಾಲಡಿ ಮಾತ್ರ.

ಅದೇ 210, 205, 128, 130 ಅಡಿಯ ಹೊಲ ತಗೊಳ್ಳಿ. ವ್ಯತ್ಯಾಸ ಬರೀ 5. ಎತ್ತರ 118.2 ಬರುತ್ತದೆ. 210ರ ಬದಲು 211 ಓದಿದರೆ 121.6, 209 ಓದಿದರೆ 111.7. ಒಂದಡಿ ತಪ್ಪಿಗೆ ಆರೂವರೆ ಅಡಿ ಎತ್ತರ ಮಾಯ. ವ್ಯತ್ಯಾಸ ಸೊನ್ನೆ ಆದರಂತೂ ಸಮಾಂತರ ಚತುರ್ಭುಜ, ಬದಿಗಳಿಂದ ಏನೂ ಸಿಗುವುದಿಲ್ಲ. ಅಂಥ ಹೊಲದಲ್ಲಿ ನೇರವಾಗಿ ಮೂಲೆ ಅಥವಾ ಕರ್ಣ ಅಳೆಯುವುದೇ ದಾರಿ.

ಸಮಾಂತರ ಜೋಡಿ ಯಾವುದು ಅನ್ನೋದರಲ್ಲಿ ಗೊಂದಲ ಆದರೆ ಒಂದು ಪರೀಕ್ಷೆ ಇದೆ. ಸಮಾಂತರ ಬದಿಗಳ ವ್ಯತ್ಯಾಸ, ಓರೆ ಬದಿಗಳ ಮೊತ್ತಕ್ಕಿಂತ ಕಡಿಮೆ, ಅವುಗಳ ವ್ಯತ್ಯಾಸಕ್ಕಿಂತ ಹೆಚ್ಚು ಇರಬೇಕು. ಈ ಹೊಲದಲ್ಲಿ 128 ಮತ್ತು 151 ಸಮಾಂತರ ಅಂತ ಹಿಡಿದು ನೋಡಿ: 23, 342, 205 ಬದಿಗಳ ತ್ರಿಭುಜ ಆಗಬೇಕು. 23 + 205 = 228, 342ಕ್ಕೆ ಮುಟ್ಟುವುದೇ ಇಲ್ಲ. ವರ್ಗಮೂಲದೊಳಗೆ ಋಣ ಸಂಖ್ಯೆ ಬಂತು ಅಂದರೆ ಕ್ಯಾಲ್ಕುಲೇಟರ್ ಕೆಟ್ಟಿಲ್ಲ, ಜೋಡಿ ತಪ್ಪಾಗಿದೆ.


ಮುಖಭೂಮಿ (ಚಿತ್ತಾಪುರ)

ನಿಮ್ಮ ಎದುರಾಬದುರಾ ಲೆಕ್ಕ ನಿಮ್ಮ ಸೇಡಂ ಸೀಮೆಗೆ ಹೊಸದಲ್ಲ. ಕಾಗಿಣಾ ದಂಡೆಯ ಮಳಖೇಡ, ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಕ್ಷೇತ್ರಫಲವನ್ನು ಅವನು ಎರಡಾಗಿ ವಿಂಗಡಿಸುತ್ತಾನೆ: ವ್ಯಾವಹಾರಿಕ ಫಲ, ಸೂಕ್ಷ್ಮ ಫಲ. ಎದುರು ಬದಿಗಳ ಸರಾಸರಿ ಗುಣಿಸುವುದು ಮೊದಲನೆಯದು, ಅಂದಾಜಿಗಷ್ಟೇ. ಮುಖ ಮತ್ತು ಭೂಮಿ (ಎದುರುಬದುರಿನ ಎರಡು ಸಮಾಂತರ ಬದಿ) ಕೂಡಿಸಿ ಅರ್ಧ ಮಾಡಿ ಲಂಬದಿಂದ ಗುಣಿಸುವುದು ಎರಡನೆಯದು. ಸಾವಿರದ ನೂರು ವರ್ಷದ ಹಿಂದೆ ಬೇರೆ ಬೇರೆ ಅಂತ ಬರೆದಿಟ್ಟದ್ದನ್ನು ನಾವು ಈಗಲೂ ಕಲಸಿಕೊಂಡಿದ್ದೇವೆ.

ಸೂಕ್ಷ್ಮ ಫಲಕ್ಕೆ ಅವನು ಕೊಡುವ ಇನ್ನೊಂದು ಸೂತ್ರ, ಅರ್ಧ ಸುತ್ತಳತೆಯಿಂದ ನಾಲ್ಕೂ ಬದಿ ಒಂದೊಂದಾಗಿ ಕಳೆದು ಗುಣಿಸಿ ವರ್ಗಮೂಲ ತೆಗೆಯುವುದು. ಇದು ನಾಲ್ಕೂ ಮೂಲೆ ಒಂದೇ ವೃತ್ತದ ಮೇಲೆ ಕೂತಾಗ ಮಾತ್ರ ಸರಿ. ಹಾಗಂತ ಎಸೆಯಬೇಡಿ, ಅದಕ್ಕೊಂದು ಚೆಂದದ ಉಪಯೋಗ ಇದೆ. ಅದೇ ನಾಲ್ಕು ಬದಿಗಳಿಂದ ಆಗಬಹುದಾದ ಅತಿ ಹೆಚ್ಚು ವಿಸ್ತೀರ್ಣ ಅದು. ಇಲ್ಲಿ:

√(71 × 208 × 285 × 262) = 33,207 ಚದರಡಿ, ಸುಮಾರು 30½ ಗುಂಟೆ.

ಅಂದರೆ ಮೂಲೆಗಳನ್ನು ಹೇಗೇ ಜಗ್ಗಿದರೂ ಈ ನಾಲ್ಕು ಒಡ್ಡಿನೊಳಗೆ 30½ ಗುಂಟೆಗಿಂತ ಹೆಚ್ಚು ನೆಲ ಹಿಡಿಸುವುದಿಲ್ಲ. ಮೂಲೆ ಅಳೆಯುವ ಮೊದಲೇ, ಸಮಾಂತರವೋ ಅಲ್ಲವೋ ಗೊತ್ತಿಲ್ಲದೆಯೇ, 35 ಗುಂಟೆ ಅನ್ನೋ ಮಾತು ಬಿದ್ದುಹೋಗುತ್ತದೆ. ಖರೀದಿ ಮಾತುಕತೆಯಲ್ಲಿ ಕೂತಾಗ ಮೊಬೈಲಿನಲ್ಲಿ ಇಷ್ಟು ಒತ್ತಿ ನೋಡಿದರೆ ಸಾಕು.


ಎರೆಹೊಲ

ಬಿ ಮೂಲಿ 27 ಅಡಿ 3 ಇಂಚು ಬಂತು! ಐದು ಗುಂಟೆ ಆಸೆ ಬಿಟ್ಟೇವಿ. ಈಗ ವಾಟ್ನಿ. ದಾರಿಗೆ ಸಮಾಂತರವಾಗಿ ನಡುವ, ಅಂದ್ರ 60 ಅಡಿಗೆ ಕಲ್ಲು ಹಾಕಿದ್ರ ಸಮ ಆಗ್ತದಲ್ರಿ?


ಲಂಬರೇಖೆ (ಕಲಬುರಗಿ)

ಆಗುವುದಿಲ್ಲ. ಅರ್ಧ ಎತ್ತರ ಅಂದರೆ ಅರ್ಧ ಹೊಲ ಅಲ್ಲ. ಸದ್ಯಕ್ಕೆ ತ್ರಾಪಿಜ್ಯ ಅಂತಲೇ ಹಿಡಿದರೆ, ಅಲ್ಲಿ ಅಡ್ಡಗೆರೆ 273.5 ಅಡಿ ಬರುತ್ತದೆ. ದಾರಿ ಕಡೆಯ ಪಾಲು 18,434 ಚದರಡಿ, ಹಿಂದಿನ ಪಾಲು 14,331. ಮೂರೂಮುಕ್ಕಾಲು ಗುಂಟೆ ವ್ಯತ್ಯಾಸ. ಅಡ್ಡ ಹಾಕಿಯೇ ಸಮ ಮಾಡಬೇಕು ಅಂದರೆ ಗೆರೆಯ ಉದ್ದ √((342² + 205²) ÷ 2) = 282 ಅಡಿ ಆಗುವ ಕಡೆ ಕಲ್ಲು ಬೀಳಬೇಕು, ಅದು ದಾರಿಯಿಂದ 52½ ಅಡಿಗೆ ಸಿಗುತ್ತದೆ.

ಆದರೆ ಅಡ್ಡ ಹಾಕುವುದೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಹಿಂದಿನ ಪಾಲಿನವರಿಗೆ ಬಂಡಿ, ಟ್ರ್ಯಾಕ್ಟರ್ ಹೋಗಲು ದಾರಿ ಇರುವುದಿಲ್ಲ. ಮುಂದಿನ ಪಾಲಿನಲ್ಲಿ ದಾರಿ ಬಿಡಿಸಬೇಕು, ಮತ್ತೆ ಅಳತೆ, ಮತ್ತೆ ತಕರಾರು. ಉದ್ದಕ್ಕೆ ಸೀಳಿ. ತ್ರಾಪಿಜ್ಯದಲ್ಲಿ ಸಮಾಂತರ ಬದಿಗಳ ನಡುಬಿಂದು ಕೂಡಿಸಿದರೆ ಎರಡೂ ಪಾಲು ತಾನೇ ಸಮ. ಎರಡಕ್ಕೂ ಅದೇ ಮುಖ, ಅದೇ ಭೂಮಿ, ಅದೇ ಎತ್ತರ. ದಾರಿಯೂ ಇಬ್ಬರಿಗೂ ಸಿಗುತ್ತದೆ, ನಾಲಾ ಕಡೆಯೂ ಇಬ್ಬರಿಗೂ ಸಿಗುತ್ತದೆ.

ನಿಮ್ಮ ಹಿಂದಿನ ಒಡ್ಡು ಮೂರೂವರೆ ಅಡಿ ಓರೆ ಇರುವುದರಿಂದ ನಡುಬಿಂದು ಹಾಗೇ ಕೂಡಿಸಿದರೆ ಎಡ ಪಾಲು ಬಲ ಪಾಲಿಗಿಂತ ನಾಲ್ಕು ಆಣೆಯ ಮೇಲೆ ಸ್ವಲ್ಪ ಚಿಕ್ಕದಾಗುತ್ತದೆ. ಸರಿಪಡಿಸಲು ಹಿಂದಿನ ಕಲ್ಲನ್ನು ಡಿಯಿಂದ 102½ ಅಡಿಗೇ ಇಡಿ, ದಾರಿಯ ಕಲ್ಲನ್ನು ಎಯಿಂದ 171ರ ಬದಲು 173½ ಅಡಿಗೆ ಇಡಿ. ಎರಡು ಕಲ್ಲಿನ ನಡುವೆ 122½ ಅಡಿ ಬರಬೇಕು. ರಾಶಿ ಆದ ಮೇಲೆ ಟೇಪು ಎಳೆದು ಅದನ್ನೂ ನೋಡಿಬಿಡಿ.

ಇದು ನಿಮ್ಮಿಬ್ಬರ ತಿಳಿವಳಿಕೆಗೆ ಮಾತ್ರ. ಕಾಗದದಲ್ಲಿ ಬೇರೆ ಆಗಬೇಕಾದರೆ ಮೋಜಣಿಗೆ (ಸರ್ಕಾರಿ ಭೂ ಅಳತೆಗೆ) ಅರ್ಜಿ ಹಾಕಿ 11ಇ ನಕ್ಷೆ, ಅಂದರೆ ಪಾಲು ಬೇರೆ ತೋರಿಸುವ ಅಳತೆ ನಕ್ಷೆ, ಮಾಡಿಸಬೇಕು. ಪಹಣಿಯ 30 ಗುಂಟೆಯಲ್ಲಿ ಖರಾಬು (ಸಾಗುವಳಿಗೆ ಬಾರದ ನೆಲ) ಎಷ್ಟು ಅಂತಲೂ ಮೊದಲು ನೋಡಿಕೊಳ್ಳಿ, ಪಾಲು ಬರೆಯುವಾಗ ಆ ಕಾಲಂ ಬಿಟ್ಟು ಬರೆದರೆ ಎರಡು ಪಾಲಿನ ಮೊತ್ತ ಕೂಡುವುದಿಲ್ಲ.


ಕಾರಂಜಾ (ಬೀದರ್)

ಇದೇ ಆಕಾರದ ಪ್ರಶ್ನೆ, ಬೇರೆ ಹೊಸದು ಹಾಕೋದು ಬ್ಯಾಡ ಅಂತ ಇಲ್ಲೇ ಕೇಳ್ತೀನಿ. ಕೃಷಿ ಹೊಂಡ ಮ್ಯಾಲೆ 12 × 12 ಮೀಟರ್. ಆಳ 3 ಮೀಟರ್, ಇಳಿಜಾರು 1:1 ಅಂತ ಹೇಳ್ಯಾರ. ತಳ ಕಾಣಂಗಿಲ್ಲ. ಈಗ ಎಷ್ಟು ನೀರು ಅದ ಅಂತ ಒಳಗ ಇಳೀದೆ ತಿಳಿಯೋದು ಹೆಂಗ?


ಸರಪಳಿ (ಯಾದಗಿರಿ)

ಇಳೀಬ್ಯಾಡ್ರಿ, ಪ್ಲಾಸ್ಟಿಕ್ ಹಾಳಿ ಹಾಸಿದ ಹೊಂಡ ಜಾರ್ತದ, ಮ್ಯಾಲೆ ಬರಲಾಕ ಹಿಡಿತ ಸಿಗಂಗಿಲ್ಲ. ದಂಡಿ ಮ್ಯಾಲಿಂದ ಎರಡು ಅಳತಿ ಸಾಕು. ಒಂದು, ನೀರಿನ ಮೈಮ್ಯಾಲಿನ ಅಗಲ. ದಂಡಿಯಿಂದ ದಂಡಿಗೆ ಹಗ್ಗ ಕಟ್ಟಿ, ನೀರಿನ ಅಂಚು ಬರೋ ಕಡಿ ಎರಡೂ ಬಾಜೂ ಗುರುತು ಮಾಡ್ರಿ. ಎರಡು, ಮ್ಯಾಲಿನ ಅಂಚಿನಿಂದ ನೀರಿನ ತನಕ ಇಳಿಜಾರಿನಗುಂಟ ಟೇಪು ಬಿಟ್ಟು ಉದ್ದ.

ಅಗಲ 8.4 ಮೀಟರ್ ಬಂತು, ಇಳಿಜಾರು 2.55 ಮೀಟರ್ ಬಂತು ಅಂತ ತಿಳೀರಿ. ಒಂದು ಬಾಜೂಕ್ಕ ಒಳಗ ಸರಿದದ್ದು (12 − 8.4) ÷ 2 = 1.8. ಕೆಳಗ ಇಳಿದದ್ದು √(2.55² − 1.8²) = 1.8. ಎರಡೂ ಒಂದೇ, ಹಂಗಂದ್ರ ಇಳಿಜಾರು ಖರೇನೇ 1:1 ಅದ. ಯಾರೋ ಹೇಳಿದ್ದು ನಂಬಬೇಕಾಗಿಲ್ಲ. ಎರಡನೇದು ಕಡಿಮಿ ಬಂದ್ರ ಇಳಿಜಾರು ಚಪ್ಪಟ್ಟಿ ಆಗ್ಯದ. ಎರೆಮಣ್ಣಿನಾಗ ಹಾಳಿ ಇಲ್ಲದ ಹೊಂಡದ ಬಾಜೂ ಮಳಿಗೆ ಕುಸಿದು ಹಂಗಾಗ್ತದ.

ತಳದ ಅಗಲ 12 − 2 × 3 = 6 ಮೀಟರ್, ನೀರಿನ ಆಳ 3 − 1.8 = 1.2 ಮೀಟರ್. ನೀರು: 1.2 ÷ 3 × (6² + 8.4² + 6 × 8.4) = 62.8 ಘನ ಮೀಟರ್, 62,800 ಲೀಟರ್.

ಆದ್ರ ನಡುವ ಹಗ್ಗಕ್ಕ ಕಲ್ಲು ಕಟ್ಟಿ ಬಿಟ್ಟು ನೋಡ್ರಿ. 1.2 ಬರೋ ಕಡಿ 0.9 ಬಂದ್ರ 30 ಸೆಂಟಿಮೀಟರ್ ಹೂಳು ತುಂಬ್ಯದ. ಹೂಳಿನ ಮ್ಯಾಲಿನ ಅಗಲ 6.6 ಹಿಡಿದು ಮತ್ತ ಲೆಕ್ಕ ಹಾಕಿದ್ರ 50.9 ಘನ ಮೀಟರ್ ಅಷ್ಟೇ ಉಳೀತದ. ಹೊಂಡ ತುಂಬಿದ್ರ ಎಷ್ಟು ಅಂತ ಕೇಳಿದ್ರ 252 ಘನ ಮೀಟರ್. ಮ್ಯಾಲಿನ ವಿಸ್ತೀರ್ಣ, ತಳದ ವಿಸ್ತೀರ್ಣ ಕೂಡಿಸಿ ಅರ್ಧ ಮಾಡಿ ಆಳದಿಂದ ಗುಣಿಸಿದ್ರ 270 ಬರ್ತದ. ಅಗೆದ ಮಣ್ಣಿನ ಬಿಲ್ಲಿನಾಗ 270 ಕಂಡ್ರ ಆ 18 ಘನ ಮೀಟರ್ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ರಿ.


ಕಾರಂಜಾ (ಬೀದರ್)

ಬಿಲ್ಲಿನಾಗ 270ನೇ ಅದ ನೋಡ್ರಿ. ಹಾಳಿ ಹರಿದದ, ಹೊಸದು ಹಾಕಿಸೋದಾದ್ರ ಅಳತಿ?


ಸರಪಳಿ (ಯಾದಗಿರಿ)

ಇಳಿಜಾರಿನ ಪೂರಾ ಉದ್ದ 3 × 1.414 = 4.24 ಮೀಟರ್. ಎರಡು ಬಾಜೂ 8.48, ತಳ 6, ಮ್ಯಾಲೆ ಗುಂಡಿ ತೋಡಿ ಹುಗಿಲಾಕ ಬಾಜೂಕ್ಕ ಒಂದೊಂದು ಮೀಟರ್. 16.5 × 16.5 ಮೀಟರ್ ಹೇಳ್ರಿ. 12 + 3 + 3 ಅಂತ ಲೆಕ್ಕ ಹಾಕಿ 18 ತರಸಬ್ಯಾಡ್ರಿ, ಹೆಚ್ಚಿನ ಹಾಳಿ ಮಡಿಕಿ ಬೀಳ್ತದ, ಮಡಿಕಿ ಬಿದ್ದ ಕಡೀನೇ ಮೊದಲು ಹರಿತದ.